ಜಡ್ಡು ಬಿದ್ದವರು ಒಬ್ಬರಿಗೊಬ್ಬರು ಕಾಣುವಂತೆ

(ರಾಯಚೂರಿನ ಓದುಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಈ ಹೊತ್ತು ನಾನು ಮಾತಾಡಲಿರುವ ಪುಸ್ತಕ ತೀರ ಸಣ್ಣದು. ಒಂದು ಪ್ರಸ್ತಾವನೆ ಮತ್ತು ಮೂರು ಅಧ್ಯಾಯಗಳಲ್ಲಿ ಅದು ಮುಗಿದುಹೋಗುತ್ತದೆ. ಅಮೆರಿಕದ ಕಪ್ಪು ಜನಾಂಗದ ಕವಿ ಆಡ್ರಿ ಲಾರ್ಡ್ ಅದನ್ನು 1980ರಲ್ಲಿ ‘ದಿ ಕ್ಯಾನ್ಸರ್ ಜರ್ನಲ್ಸ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಕೆರಿಬಿಯನ್ ದ್ವೀಪಗಳಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ತಂದೆತಾಯಿಗೆ 1934ರಲ್ಲಿ ಹುಟ್ಟಿದ ಈಕೆ ಗ್ರಂಥಪಾಲಕಿಯಾಗಿ ದುಡಿದವರು, ಕಾಲೇಜಿನಲ್ಲಿ ಪಾಠ ಹೇಳಿದವರು, ಇಬ್ಬರು ಮಕ್ಕಳ ತಾಯಿ. ಹೆಣ್ಣನ್ನು ಪ್ರೀತಿಸುವ ಹೆಣ್ಣು ತಾನೆಂಬುದನ್ನು ಮುಚ್ಚಿಡದೆ ಬಾಳಿದವರು. 1977ರಲ್ಲಿ ಎದೆಯಲ್ಲಿ ಕಾಣಿಸಿಕೊಂಡ ಗಡ್ಡೆಯೊಂದು ಅಪಾಯದ್ದಲ್ಲವೆಂದು ತಿಳಿದಿತ್ತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್ ಇರುವುದು ಖಚಿತವಾಯಿತು, ಬಲಗಡೆಯ ಸ್ತನವನ್ನು ತೆಗೆಯಲಾಯಿತು. ಆಗ ಅವರಿಗೆ 44 ವರ್ಷ.

ಈ ಪುಸ್ತಕ ನನ್ನನ್ನು ಇಷ್ಟು ಅಲುಗಾಡಿಸೀತೆಂದು ಎಣಿಸಿ ನಾನು ಅದನ್ನು ಕೈಗೆತ್ತಿಕೊಂಡವಳಲ್ಲ. ಕಾಯಿಲೆಯಿಂದ ಎದ್ದವರು ಬರೆದದ್ದನ್ನು ನಾವೆಲ್ಲ ವಾರಪತ್ರಿಕೆಗಳಲ್ಲಿ, ವಿಶೇಷಾಂಕಗಳಲ್ಲಿ ಓದಿದ್ದೇವೆ. ಅವುಗಳ ನಡೆ ನಮಗೆ ಮೊದಲೇ ಗೊತ್ತಿರುತ್ತದೆ: ಮೊದಲು ಗಾಬರಿ, ಆಮೇಲೆ ದೂರದ ಊರಿನ ದೊಡ್ಡ ವೈದ್ಯರು, ಮನೆದೇವರಿಗೆ ಹರಕೆ, ಮನೆಯವರ ಸೇವೆ, ಕಡೆಗೆ ಧೈರ್ಯವೊಂದಿದ್ದರೆ ಏನನ್ನಾದರೂ ಗೆಲ್ಲಬಹುದೆಂಬ ಮಾತು. ಆ ಬರಹಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಹಾಸಿಗೆ ಹಿಡಿದವರಿಗೆ ಅವುಗಳಿಂದ ಆಸರೆ ದೊರಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅವುಗಳನ್ನು ಓದುವಾಗ ಜಡ್ಡು ಬಿದ್ದ ಮನುಷ್ಯರು ಎಲ್ಲಿಯೋ ಹಿಂದೆ ಉಳಿದು, ಗೆದ್ದವರಷ್ಟೇ ಮುಂದೆ ಬಂದು ಕುಳಿತಂತೆ ನನಗೆ ಅನ್ನಿಸುತ್ತದೆ. ಈ ಪುಸ್ತಕವೂ ಅಂಥದ್ದೇ ಇರಬಹುದು, ದೂರದ ದೇಶದ ಸಂಗತಿ ಬೇರೆ, ಓದಿ ನಾಲ್ಕು ವಿಷಯ ತಿಳಿದುಕೊಳ್ಳೋಣವೆಂದು ತೆರೆದೆ. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಈ ಸೀಮೆಗೂ ನ್ಯೂಯಾರ್ಕಿನ ಒಬ್ಬ ಕವಿಯ ದಿನಚರಿಗೂ ಏನು ನಂಟಿದ್ದೀತು ಎಂಬ ಭಾವನೆಯಿಂದಲೇ ಓದುತ್ತ ಹೋದವಳು, ಆಸ್ಪತ್ರೆಯ ಒಂದು ಪ್ರಸಂಗಕ್ಕೆ ಬಂದಾಗ ಮುಂದೆ ಓದಲಾರದೆ ಪುಸ್ತಕವನ್ನು ಮಡಿಚಿಟ್ಟೆ.

ಆ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯಾದ ಮೇಲೆ ಲಾರ್ಡ್ ಅವರ ಹಾಸಿಗೆಯ ಬಳಿಗೆ ಒಬ್ಬ ಹೆಂಗಸು ಬರುತ್ತಾರೆ. ಅದೇ ಕಾಯಿಲೆಯನ್ನು ಕಂಡು ಎದ್ದವರು, ಈಗ ಹೊಸ ರೋಗಿಗಳಿಗೆ ಸಮಾಧಾನ ಹೇಳುವ ಸೇವೆಯಲ್ಲಿರುವವರು. ಬಂದವರ ಮನಸ್ಸು ಒಳ್ಳೆಯದೆಂಬುದನ್ನು ಲಾರ್ಡ್ ಮರೆಮಾಚುವುದಿಲ್ಲ. ಅವರು ಉಣ್ಣೆ ತುಂಬಿದ, ಸ್ತನದ ಆಕಾರದ ಒಂದು ಮೆತ್ತೆಯನ್ನು ಕೊಟ್ಟು, ಇದನ್ನು ಒಳಉಡುಪಿನಲ್ಲಿ ಇಟ್ಟುಕೊಂಡರೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಮೊದಲಿನಂತೆಯೇ ಕಾಣುತ್ತೀರಿ ಎಂದು ಭರವಸೆ ಕೊಟ್ಟು ಹೋಗುತ್ತಾರೆ. ಅವರು ಹೋದ ಮೇಲೆ ಲಾರ್ಡ್ ಕನ್ನಡಿಯ ಮುಂದೆ ಅದನ್ನು ಇಟ್ಟುಕೊಂಡು ನೋಡುತ್ತಾರೆ. ಮೆತ್ತೆ ಎದೆಯ ಮೇಲೆ ವಾರೆಯಾಗಿ, ಜೀವವಿಲ್ಲದೆ ಕೂತುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದರ ಬಣ್ಣ ತಿಳಿಗುಲಾಬಿ; ಅವರ ಮೈಬಣ್ಣ ಕಪ್ಪು.

ಆ ಬಣ್ಣದ ವಿವರವೇ ನನ್ನನ್ನು ತಡೆದು ನಿಲ್ಲಿಸಿದ್ದು. ಸಾವಿನ ಭಯದ ಬಗ್ಗೆ, ನೋವಿನ ಬಗ್ಗೆ ಅವರು ಬರೆದದ್ದೂ ಗಾಢವಾದದ್ದೇ, ಆದರೆ ಅದಕ್ಕೆ ನಾನು ಮನಸ್ಸನ್ನು ಸಿದ್ಧಪಡಿಸಿಕೊಂಡಿದ್ದೆ. ಈ ವಿವರಕ್ಕೆ ಸಿದ್ಧಳಿರಲಿಲ್ಲ. ಸಹಾಯ ಮಾಡಲು ಬಂದ ವ್ಯವಸ್ಥೆ ತನ್ನ ಮುಂದಿರುವ ಹೆಣ್ಣನ್ನು ಒಮ್ಮೆಯಾದರೂ ಕಣ್ಣೆತ್ತಿ ನೋಡಿರಲಿಲ್ಲ. ‘ಮೊದಲಿನಂತೆಯೇ ಕಾಣುತ್ತೀರಿ’ ಎಂದು ಹೇಳಿದವರಿಗೆ ಮೊದಲು ಆಕೆ ಹೇಗೆ ಕಾಣುತ್ತಿದ್ದರೆಂಬುದೇ ಗೊತ್ತಿರಲಿಲ್ಲ. ಲಾರ್ಡ್ ಇದನ್ನು ಕೂಗಾಡದೆ ಹೇಳುತ್ತಾರೆ. ಕವಿಯಾದವರಿಗೆ ಮಾತ್ರ ಸಾಧ್ಯವಾಗುವ ಸಂಯಮದಿಂದ ಆ ಬಣ್ಣವನ್ನು ನಮ್ಮ ಕಣ್ಣ ಮುಂದಿಟ್ಟು ಮುಂದಕ್ಕೆ ನಡೆಯುತ್ತಾರೆ.

ಇದಕ್ಕೆ ಜೋಡಿಯಾಗಿ ನಿಲ್ಲುವ ಇನ್ನೊಂದು ಪ್ರಸಂಗವಿದೆ. ಆಪರೇಷನ್ ಆಗಿ ಹತ್ತು ದಿನಕ್ಕೆ ಅವರು ಹೊಲಿಗೆ ಬಿಚ್ಚಿಸಲು ವೈದ್ಯರ ಕಚೇರಿಗೆ ಹೋಗುತ್ತಾರೆ. ಅಂದು ತಲೆ ತೊಳೆದು, ಆಫ್ರಿಕಾದ ನೇಯ್ಗೆಯ ಚೆಂದದ ಅಂಗಿ ತೊಟ್ಟು, ಹೊಸ ಬೂಟು ಹಾಕಿ, ಬಲಗಿವಿಯೊಂದಕ್ಕೆ ಮಾತ್ರ ಹಕ್ಕಿಯ ಆಕಾರದ ಲೋಲಾಕು ಧರಿಸುತ್ತಾರೆ. ಎರಡೂ ಬದಿ ಒಂದೇ ಸಮನಾಗಿ ಇರಬೇಕಿಲ್ಲ ಎಂಬುದನ್ನು ಹಬ್ಬದಂತೆ ಆಚರಿಸುವ ಅಲಂಕಾರ ಅದು. ಅಲ್ಲಿಯ ದಾದಿ ಅವರನ್ನು ನೋಡಿ, ಮೆತ್ತೆಯನ್ನೇಕೆ ಹಾಕಿಕೊಂಡಿಲ್ಲವೆಂದು ಕೇಳುತ್ತಾರೆ. ಇಲ್ಲಿಗೆ ಬರುವಾಗಲಾದರೂ ಏನಾದರೊಂದನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ಈ ಕಚೇರಿಯಲ್ಲಿರುವವರ ಮನೋಬಲ ಕುಗ್ಗುತ್ತದೆ ಎನ್ನುತ್ತಾರೆ. ಸ್ತನ ಕ್ಯಾನ್ಸರ್ ಆದ ಹೆಂಗಸರೇ ಬಂದು ಕೂಡುವ ಕೋಣೆಯಲ್ಲಿ ಈ ಮಾತು! ಇಸ್ರೇಲಿನ ಮೋಶೆ ದಯಾನ್ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಲೋಕದ ಮುಂದೆ ನಿಂತಾಗ, ಗಾಜಿನ ಕಣ್ಣು ಹಾಕಿಸಿಕೋ ಎಂದು ಅವರಿಗೆ ಯಾರೂ ಹೇಳಲಿಲ್ಲವಲ್ಲ ಎಂದು ಲಾರ್ಡ್ ಕೇಳುತ್ತಾರೆ. ಅಲ್ಲಿ ಕಾಣುವುದು ಯುದ್ಧದಲ್ಲಿ ಗಾಯಗೊಂಡ ವೀರ. ಹೆಣ್ಣಿನ ಗಾಯಕ್ಕೆ ಮಾತ್ರ ಮುಸುಕು ಬೇಕು.

ಇಲ್ಲಿಂದ ಅವರು ತಲುಪುವ ಮಾತು ಈ ಪುಸ್ತಕದ ಬೆನ್ನೆಲುಬು ಎಂದು ನಾನು ತಿಳಿದಿದ್ದೇನೆ. ಈ ಮೆತ್ತೆಗಳಿಂದ ಲೋಕದ ಕಣ್ಣಿಗೆ ಗಾಯ ಮರೆಯಾಗುತ್ತದೆ ನಿಜ, ಆದರೆ ಗಾಯಗೊಂಡವರು ಪರಸ್ಪರರ ಕಣ್ಣಿಗೂ ಮರೆಯಾಗಿಬಿಡುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ತನ್ನಂತೆಯೇ ಎಂಬುದು ತಿಳಿಯದೆ ಪ್ರತಿಯೊಬ್ಬಳೂ ಒಬ್ಬಂಟಿಯಾಗುತ್ತಾಳೆ. ಒಬ್ಬಂಟಿಯಾದವರಿಂದ ಯಾವ ಪ್ರಶ್ನೆಯೂ ಹುಟ್ಟುವುದಿಲ್ಲ. ಒಂದೇ ಸ್ತನದ ಹೆಂಗಸರ ದಂಡೊಂದು ಸಂಸತ್ತಿಗೆ ನುಗ್ಗಿ, ಕ್ಯಾನ್ಸರ್ ತರುವ ಹಾರ್ಮೋನುಗಳನ್ನು ದನಗಳ ಮೇವಿನಲ್ಲಿ ಬೆರೆಸುವುದನ್ನು ನಿಲ್ಲಿಸಿರೆಂದು ಕೇಳಿದರೆ ಏನಾದೀತು ಎಂದು ಅವರು ಊಹಿಸುತ್ತಾರೆ. ಕವಿಯ ಕಲ್ಪನೆ ಅದು, ಆದರೆ ಬರಿಯ ಕಲ್ಪನೆಯಲ್ಲ.

ಈ ಭಾಗವನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನ್ಯೂಯಾರ್ಕ್ ಅಲ್ಲ, ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಚಿಗವ್ವ. ಆಕೆಯ ಒಪ್ಪಿಗೆ ಪಡೆದೇ ಈ ಮಾತುಗಳನ್ನು ಹೇಳುತ್ತಿದ್ದೇನೆ. ಎದೆಯಲ್ಲಿ ಗಂಟು ಕೈಗೆ ತಾಕಿದಾಗ ಆಕೆ ಯಾರಿಗೂ ಹೇಳಲಿಲ್ಲ, ಏಕೆಂದರೆ ಅದು ನೋಯುತ್ತಿರಲಿಲ್ಲ. ಈ ಕಾಯಿಲೆಯ ಕ್ರೌರ್ಯವೇ ಅದು: ಶುರುವಿನಲ್ಲಿ ಬಹುಮಟ್ಟಿಗೆ ನೋವೇ ಇರುವುದಿಲ್ಲ, ನೋಯದ್ದನ್ನು ಜಡ್ಡೆಂದು ಒಪ್ಪಲು ಹೊಲಮನೆ ಎರಡನ್ನೂ ನೋಡುವ ಹೆಣ್ಣಿಗೆ ಪುರಸೊತ್ತಿಲ್ಲ. ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ ಆದರೂ, ನಮ್ಮ ಮನೆಗಳ ಮಾತಿನಲ್ಲಿ ಅದರ ಸುಳಿವೇ ಇಲ್ಲ. ಕಡೆಗೆ ಗೊತ್ತಾದಾಗ ಮನೆಯ ಹಿರಿಯರು ಹೇಳಿದ ಮೊದಲ ಮಾತು, “ಹುಡುಗಿ ಲಗ್ನ ಆಗೋತನಕ ಈ ಸುದ್ದಿ ಹೊರಗ ಹೋಗಬಾರದು” ಎಂಬುದು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆಂದು ಬೀಗರು ಹಿಂಜರಿದಾರೆಂಬ ಅಂಜಿಕೆ. ಹಾಗೆ ವಂಶದಲ್ಲಿ ಇಳಿದುಬರುವುದು ಈ ಕಾಯಿಲೆಯ ಸಣ್ಣ ಪಾಲು ಮಾತ್ರವೆಂದು ವೈದ್ಯರು ವಿವರಿಸಿದರೂ ಆ ಅಂಜಿಕೆ ಹೋಗಲಿಲ್ಲ. ನಮ್ಮ ಕಡೆಯ ಬಹಳ ಜನರಂತೆ ಆಕೆಯೂ ಮೊದಲು ಹೈದರಾಬಾದಿಗೆ, ಆಮೇಲೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದಳು. 1973ರಲ್ಲಿ ಆರಂಭವಾದ ಆ ಸಂಸ್ಥೆಯ ದಾರಿ ನಮ್ಮ ಜಿಲ್ಲೆಯ ಅದೆಷ್ಟು ಮನೆಗಳಿಗೆ ಗೊತ್ತಿದೆಯೋ, ಅಷ್ಟೂ ಮನೆಗಳು ಅದನ್ನು ನೆರೆಮನೆಗೆ ತಿಳಿಯದಂತೆ ಕಾಪಾಡಿಕೊಂಡಿವೆ. ಆಪರೇಷನ್ ಆಯಿತು, ಕಿಮೊ ಆಯಿತು, ಕರೆಂಟು ಕೊಟ್ಟದ್ದೂ ಆಯಿತು. ಊರಿಗೆ ಗೊತ್ತಿದ್ದದ್ದು, ಆಕೆ ಬೆಂಗಳೂರಿನಲ್ಲಿ ಮಗನ ಹತ್ತಿರ ಇದ್ದಾಳೆಂದು ಮಾತ್ರ.

ತಿರುಗಿ ಬಂದ ಮೇಲೆ ಚಿಗವ್ವ ತನ್ನ ಕುಪ್ಪಸದ ಒಳಗೆ ತಾನೇ ಒಂದು ಚೀಲ ಹೊಲಿದುಕೊಂಡಳು. ಹಳೆಯ ಧೋತರದ ಮೆತ್ತಗಿನ ಬಟ್ಟೆ, ಒಳಗೆ ತಮ್ಮ ಹೊಲದ್ದೇ ಅರಳೆ. ಬರಿಯ ಅರಳೆ ಹಗುರಾಗಿ ಕುಪ್ಪಸ ಮೇಲಕ್ಕೆ ಸರಿಯುತ್ತದೆಂದು ಅಡಿಯಲ್ಲಿ ಒಂದು ಹಿಡಿ ನವಣೆ ಸೇರಿಸಿದಳು. ಬೆವರಿಗೆ ಒದ್ದೆಯಾದರೆ ಬಿಚ್ಚಿ ಒಗೆಯಲು ಬರುವಂತೆ ಒಂದು ಬದಿಗೆ ಹೊಲಿಗೆಯ ಬದಲು ಲಾಡಿ. ಅದನ್ನು ಆಕೆ ನನ್ನ ಕೈಗೆ ಕೊಟ್ಟು ತೋರಿಸಿದಾಗ, ಅದರ ತೂಕ ಅಂಗೈಯಲ್ಲಿ ಸರಿಯಾಗಿ ಕೂತದ್ದನ್ನು ನಾನು ಮರೆಯಲಾರೆ. ಎಷ್ಟು ಸಲ ಬಿಚ್ಚಿ ಕಟ್ಟಿ ಆ ತೂಕವನ್ನು ಕಂಡುಕೊಂಡಿದ್ದಳೋ!

ಇಲ್ಲಿ ಲಾರ್ಡ್ ಅವರ ಮಾತನ್ನು ಹಾಗೆಯೇ ತಂದು ಚಿಗವ್ವನ ಮೇಲೆ ಹೊರಿಸುವುದು ಅನ್ಯಾಯವೆಂದು ನನಗೆ ತೋರುತ್ತದೆ. ಆ ತಿಳಿಗುಲಾಬಿ ಮೆತ್ತೆ ಹೊರಗಿನಿಂದ ಬಂದದ್ದು, ಆಕೆಯ ಮೈಯನ್ನು ನೋಡದೆ ಕೊಟ್ಟದ್ದು, ಅದರ ಬೆನ್ನಿಗೆ ‘ಇದನ್ನು ಹಾಕಿಕೊಂಡು ಬಂದರೆ ನಮಗೆ ಹಿತ’ ಎಂಬ ಒತ್ತಾಯವಿತ್ತು. ಈ ಅರಳೆಯ ಚೀಲ ಆಕೆ ತನ್ನ ಮೈಯನ್ನು ತಾನೇ ಮುಟ್ಟಿ, ಅಳೆದು, ತೂಗಿ ಮಾಡಿಕೊಂಡದ್ದು. ಲಾರ್ಡ್ ಅವರೂ ಮೆತ್ತೆ ಹಾಕಿಕೊಳ್ಳುವ ಹೆಂಗಸರನ್ನು ಹಳಿಯುವುದಿಲ್ಲ. ಆಯ್ಕೆಯೇ ಇಲ್ಲದಂತೆ ಮಾಡುವುದರ ಮೇಲೆ ಅವರ ಸಿಟ್ಟು. ಹಾಗಿದ್ದರೂ ಅವರ ಪ್ರಶ್ನೆ ಚಿಗವ್ವನ ಮನೆಯ ಬಾಗಿಲಲ್ಲೂ ನಿಂತೇ ಇದೆ. ಅದೇ ಊರಿನಲ್ಲಿ, ಅದೇ ಓಣಿಯಲ್ಲಿ ಇನ್ನೊಬ್ಬಳು ಇಂಥದ್ದೇ ಚೀಲ ಹೊಲಿದುಕೊಳ್ಳುತ್ತಿದ್ದರೆ, ನವಣೆ ಎಷ್ಟು ಹಾಕಬೇಕೆಂಬುದನ್ನು ಆಕೆ ಯಾರನ್ನು ಕೇಳಬೇಕು?

ಪುಸ್ತಕದ ಬರವಣಿಗೆಯ ಬಗ್ಗೆ ಒಂದೆರಡು ಮಾತು ಹೇಳಬೇಕು, ಏಕೆಂದರೆ ಅದು ತಾಕುವುದು ವಿಷಯದ ಬಲದಿಂದ ಮಾತ್ರವಲ್ಲ. ಲಾರ್ಡ್ ಕಾಯಿಲೆಯ ದಿನಗಳಲ್ಲಿ ಬರೆದಿಟ್ಟ ದಿನಚರಿಯ ತುಣುಕುಗಳನ್ನು, ಆಮೇಲೆ ನಿಧಾನವಾಗಿ ಯೋಚಿಸಿ ಬರೆದ ಗದ್ಯದ ನಡುನಡುವೆ ಹಾಗೆಯೇ ಕೂಡಿಸಿದ್ದಾರೆ. ಒಂದು ಪುಟದಲ್ಲಿ ವಿಚಾರ ಸ್ಪಷ್ಟವಾಗಿ, ದೃಢವಾಗಿ ನಡೆಯುತ್ತಿರುತ್ತದೆ. ಅದರ ಬೆನ್ನಲ್ಲೇ, ಇನ್ನು ತನ್ನಿಂದಾಗದು ಎನ್ನುವ ದಿನದ ನಾಲ್ಕು ಸಾಲು ಬರುತ್ತವೆ. ಆ ಸಾಲುಗಳನ್ನು ಅವರು ಆಮೇಲಿನ ತಿಳಿವಿನಿಂದ ತಿದ್ದುವುದಿಲ್ಲ, ಅವಕ್ಕೆ ಸಮಜಾಯಿಷಿ ಕೊಡುವುದಿಲ್ಲ. ಅಳು, ಸಿಟ್ಟು, ಗೆಳತಿಯರು ಸುತ್ತುವರಿದು ನಿಂತಾಗಿನ ಬೆಚ್ಚಗಿನ ಸಮಾಧಾನ, ಮರುದಿನ ಮತ್ತೆ ಅದೇ ಹೆದರಿಕೆ, ಎಲ್ಲವೂ ಇದ್ದ ಜಾಗದಲ್ಲಿಯೇ ಇವೆ. ಎದ್ದು ಕೂತವರು ಮಲಗಿದ್ದವರ ಬಾಯಿ ಮುಚ್ಚಿಸದ ಬರವಣಿಗೆ ಇದು. ನಾನು ಕಾವ್ಯವೆನ್ನುವುದು ಈ ಗುಣವನ್ನು. ಉಪಮೆ ರೂಪಕಗಳಿಂದ ಆದದ್ದಲ್ಲ ಅದು. ಒಂದು ವಾಕ್ಯ ಮುಗಿದ ಮೇಲೆ ಓದುವವರು ಉಸಿರಾಡಲು ಎಷ್ಟು ಜಾಗ ಬಿಡಬೇಕೆಂಬುದನ್ನು ಬಲ್ಲ ಕೈ ಬರೆದದ್ದರಿಂದ ಆದದ್ದು.

ಹೆಣ್ಣೊಬ್ಬಳು ತನ್ನ ಎದೆಯ ಮೇಲೆ ನಡೆದ ಶಸ್ತ್ರಚಿಕಿತ್ಸೆಯನ್ನು ತನ್ನ ಮಾತಿನಲ್ಲೇ ಬರೆದಿಟ್ಟ ಉದಾಹರಣೆ ಇದಕ್ಕಿಂತ ಬಹಳ ಹಿಂದಿನದೂ ಒಂದಿದೆ. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ, ಗಂಡನೊಂದಿಗೆ ಪ್ಯಾರಿಸಿನಲ್ಲಿದ್ದಾಗ, 1811ರ ಸೆಪ್ಟೆಂಬರ್ 30ರಂದು ಸ್ತನ ತೆಗೆಸಿಕೊಂಡರು. ಈಥರ್ ಕೊಟ್ಟು ಎಚ್ಚರ ತಪ್ಪಿಸುವ ವಿದ್ಯೆ ಬಳಕೆಗೆ ಬಂದದ್ದು 1846ರಲ್ಲಿ. ಇವರಿಗೆ ಕೊಟ್ಟದ್ದು ಕುಡಿಯಲು ಒಂದಿಷ್ಟು ಮದ್ಯ, ಮುಖದ ಮೇಲೆ ಒಂದು ತೆಳು ಕರವಸ್ತ್ರ. ಕಪ್ಪುಡುಗೆಯ ಏಳು ಮಂದಿ ಕೋಣೆಯೊಳಕ್ಕೆ ಬಂದದ್ದನ್ನು, ಕರವಸ್ತ್ರದ ಎಳೆಗಳ ಮೂಲಕ ಉಕ್ಕು ಮಿಂಚಿದ್ದನ್ನು, ಕತ್ತಿ ಎದೆಯ ಎಲುಬನ್ನು ಕೆರೆದದ್ದನ್ನು ಅವರು ಅಕ್ಕ ಎಸ್ತರ್‌ಗೆ ಬರೆದ ದೀರ್ಘ ಪತ್ರದಲ್ಲಿ ಹೇಳಿದ್ದಾರೆ. ಆ ಪತ್ರ ಮುಗಿಸಲು ತಿಂಗಳುಗಳೇ ಹಿಡಿದವು. ಬರೆದದ್ದನ್ನು ತಿರುಗಿ ಓದಲು ಅವರಿಂದ ಆಗಲಿಲ್ಲ. ಆಪರೇಷನ್ ಆದ ಮೇಲೆ ಅವರು 28 ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು 1840ರಲ್ಲಿ ತೀರಿಕೊಂಡರು. ಬರೆಯುವುದರಿಂದ ಮನಸ್ಸು ಹಗುರಾಗುತ್ತದೆಂದು ಸಲೀಸಾಗಿ ಹೇಳುವವರು ಈ ಪತ್ರವನ್ನು ನೆನೆಯಬೇಕು. ಅವರು ಬರೆದದ್ದು ಹಗುರಾಗಲೆಂದು ಅಲ್ಲ, ಬೇರೆಯವರಿಂದ ಅರೆಬರೆಯಾಗಿ ಕೇಳುವ ಬದಲು ಅಕ್ಕನಿಗೆ ತನ್ನಿಂದಲೇ ನಿಜ ತಿಳಿಯಲೆಂದು.

ಈಗ ನಮ್ಮ ಕಡೆಗೆ ಬರೋಣ. ಜಡ್ಡು, ಅದರಿಂದ ಪಾರಾದದ್ದು, ಅದರ ಫಲವಾಗಿ ಹುಟ್ಟಿದ ಕಾವ್ಯ, ಈ ಮೂರೂ ಕೂಡಿಬಂದ ಒಂದು ಕಥೆ ನಮ್ಮ ಜಿಲ್ಲೆಯಲ್ಲೇ ಇದೆ, ಇಲ್ಲಿ ಕುಳಿತಿರುವ ಬಹಳ ಮಂದಿಗೆ ಗೊತ್ತು. ಮಾನ್ವಿಯ ಜಗನ್ನಾಥದಾಸರು, ಆಗಿನ್ನೂ ಶ್ರೀನಿವಾಸಾಚಾರ್ಯರು, ತೀವ್ರವಾದ ಹೊಟ್ಟೆನೋವಿನಿಂದ ಬಳಲಿ ಸಾವಿನ ಅಂಚಿಗೆ ಹೋಗಿದ್ದರು, ವಿಜಯದಾಸರ ಅಪ್ಪಣೆಯಂತೆ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು ಎಂಬುದು ಪ್ರತೀತಿ. ಆ ಆಯುಷ್ಯವನ್ನು ಜೋಳದ ರೊಟ್ಟಿಯಲ್ಲಿಟ್ಟು ಕೊಟ್ಟರೆಂದೂ ಹೇಳುತ್ತಾರೆ. ಹಾಗೆ ಉಳಿದವರಿಂದ 32 ಸಂಧಿಗಳ ಹರಿಕಥಾಮೃತಸಾರ ನಮಗೆ ದೊರೆಯಿತು. ಗೋಪಾಲದಾಸರು ಆ ಸಂದರ್ಭದಲ್ಲಿ ಹಾಡಿದ ಪದ ಇಂದಿಗೂ ನಮ್ಮ ಮನೆಗಳಲ್ಲಿ, ಯಾರಿಗಾದರೂ ಮೈ ಸರಿಯಿಲ್ಲದಾಗ, ಕೇಳಿಬರುತ್ತದೆ: “ಎನ್ನ ಬಿನ್ನಪ ಕೇಳು ಧನ್ವಂತ್ರಿ ದಯಮಾಡು, ಸಣ್ಣವನು ಇವ ಕೇವಲ.” ಇನ್ನೊಬ್ಬರ ನೋವಿಗಾಗಿ ಇಷ್ಟು ಮೃದುವಾಗಿ ಬೇಡಿಕೊಂಡ ಮಾತು ಕನ್ನಡದಲ್ಲಿ ವಿರಳ. ‘ಇವನಿನ್ನೂ ಸಣ್ಣವನು’ ಎಂಬ ಆ ಒಂದು ಕಾರಣವನ್ನೇ ದೇವರ ಮುಂದಿಡುವ ಅಕ್ಕರೆಗೆ ನಾನು ಪ್ರತಿ ಸಲವೂ ಕರಗುತ್ತೇನೆ.

ಆದರೆ ಲಾರ್ಡ್ ಅವರನ್ನು ಓದಿದ ಮೇಲೆ ಆ ಪದವನ್ನು ಕೇಳಿದಾಗ ಒಂದು ಹೊಸ ಕುತೂಹಲ ಹುಟ್ಟಿತು. ಬಿನ್ನಪ ಮಾಡುವವರ ದನಿ ನಮಗೆ ಕೇಳುತ್ತಿದೆ. ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದವರು ಆ ರಾತ್ರಿ ಏನೆಂದುಕೊಂಡರು? ನಮ್ಮ ದವಾಖಾನೆಗಳಲ್ಲಿ ಇಂದಿಗೂ ನಡೆಯುವುದು ಇದೇ ಅಲ್ಲವೇ. ಓಪಿಡಿ ಚೀಟಿ ಹಿಡಿದು ಒಳಗೆ ಹೋದರೆ ವೈದ್ಯರು ಕೇಳುವುದು ಹೆಂಗಸನ್ನು, ಉತ್ತರ ಹೇಳುವುದು ಆಕೆಯ ಮಗ, ಇಲ್ಲವೇ ಗಂಡ. ಎಲ್ಲಿ ನೋವು, ಎಷ್ಟು ದಿನದಿಂದ, ಊಟ ಸೇರುತ್ತದೆಯೇ, ಎಲ್ಲಕ್ಕೂ ಆತನೇ. ಅಕ್ಕರೆಯಿಂದಲೇ ಹೇಳುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿರುತ್ತಾಳೆ.

ನಾರುಹುಣ್ಣಿನ ಮಾತನ್ನೂ ಇಲ್ಲಿ ನೆನೆಯಬೇಕು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಒಂದು ವರ್ಷದ ಮೇಲೆ ಹೊರಬರುವ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತ ತಿಂಗಳುಗಟ್ಟಲೆ ಬಿದ್ದುಕೊಂಡಿದ್ದವರು ನಮ್ಮ ಸೀಮೆಯ ಊರೂರಲ್ಲಿ ಇದ್ದರು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಅದು ಹೋದದ್ದು ದೊಡ್ಡ ಸಾಧನೆ. ಆದರೆ ಅದನ್ನು ಅನುಭವಿಸಿದವರು ತಾವೇ ಹೇಳಿದ ಒಂದು ಪುಟವೂ ನನ್ನ ಓದಿಗೆ ಸಿಕ್ಕಿಲ್ಲ, ಮತ್ತು ಆ ಪೀಳಿಗೆ ಈಗ ಮುಪ್ಪಿನಲ್ಲಿದೆ.

ಲಾರ್ಡ್ ಅವರ ಮುಂದಿನ ಬದುಕನ್ನು ಹೇಳದೆ ಬಿಟ್ಟರೆ ನಾನೂ ಆ ಗೆದ್ದವರ ಕಥೆಯನ್ನೇ ಹೇಳಿದಂತಾಗುತ್ತದೆ. 1984ರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹರಡಿರುವುದು ತಿಳಿಯಿತು. ಆ ದಿನಗಳ ಬರಹ 1988ರಲ್ಲಿ ಇನ್ನೊಂದು ಪುಸ್ತಕವಾಗಿ ಬಂತು. 1992ರ ನವೆಂಬರ್ 17ರಂದು, 58ನೆಯ ವಯಸ್ಸಿನಲ್ಲಿ, ಅವರು ಕೆರಿಬಿಯನ್ನಿನ ಸೇಂಟ್ ಕ್ರೋಯಿ ದ್ವೀಪದಲ್ಲಿ ತೀರಿಕೊಂಡರು. ಮೊದಲ ಪುಸ್ತಕ ಇದರಿಂದ ಸೋತಿತೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅದು ಎಲ್ಲಿಯೂ ‘ಇನ್ನು ಮುಗಿಯಿತು’ ಎಂದು ಮಾತು ಕೊಟ್ಟಿರಲಿಲ್ಲ. ಬದುಕಿ ಉಳಿದ ಮೇಲೂ ಪ್ರತಿ ಸಣ್ಣ ನೋವಿಗೂ ಮೈ ಕಿವಿಗೊಡುವುದನ್ನು ಅದು ಮೊದಲೇ ಹೇಳಿಬಿಟ್ಟಿತ್ತು. ಚಿಗವ್ವ ಕೂಡ ತಪಾಸಣೆಗೆ ಹೋಗುವ ತಿಂಗಳಲ್ಲಿ ಯಾವ ಕೆಲಸವನ್ನೂ ಶುರು ಮಾಡುವುದಿಲ್ಲ. ಹಪ್ಪಳ ಹಾಕುವುದನ್ನು ಸಹ ವರದಿ ಬಂದ ಮೇಲೆ ನೋಡೋಣ ಎನ್ನುತ್ತಾಳೆ.

ಈ ಪುಸ್ತಕದ ಕೆಲವು ಭಾಗಗಳನ್ನು ನಾನು ಆಕೆಗೆ ನಮ್ಮ ಮಾತಿನಲ್ಲಿ ಹೇಳಿದೆ. ಗುಲಾಬಿ ಮೆತ್ತೆಯ ಮಾತು ಬಂದಾಗ ಆಕೆ ತಲೆದೂಗಿದಳು. ಒಂಟಿ ಲೋಲಾಕಿನ ಪ್ರಸಂಗ ಅಷ್ಟಾಗಿ ರುಚಿಸಲಿಲ್ಲ. ಎಲ್ಲ ಕೇಳಿದ ಮೇಲೆ ಆಕೆ ಕೇಳಿದ್ದು, “ಆಕೀದು ಕೈ ಬಾತಿತ್ತೇನವ್ವಾ? ಅವರ ಮನ್ಯಾಗ ರೊಟ್ಟಿ ಯಾರ ಬಡೀತಿದ್ರು?” ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಆ ಬದಿಯ ಕೈಯಲ್ಲಿ ದ್ರವ ನಿಂತು ಬಾವು ಬರುವುದುಂಟು, ತಿಂಗಳ ಮೇಲೆಯೂ ಬರಬಹುದು, ವರ್ಷಗಳ ಮೇಲೆಯೂ ಬರಬಹುದು. ಆ ಕೈಗೆ ಸುಟ್ಟುಕೊಳ್ಳಬಾರದು, ಕುಯ್ದುಕೊಳ್ಳಬಾರದು, ಬಿಗಿಯಾದದ್ದನ್ನು ತೊಡಬಾರದು. ಚಿಗವ್ವನದು ಬಲಗೈ. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಕಾದ ಹಂಚಿನ ಮೇಲೆ ನೀರು ಸವರಿ ತಿರುವಿಹಾಕುವುದು ಎಲ್ಲವೂ ಆ ಕೈಯ ಕೆಲಸ. ಬೆರಳುಗಳನ್ನು ಗೋಡೆಯ ಮೇಲೆ ಏರಿಸುತ್ತ ಹೋಗುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಿದ್ದರು. ಆಕೆ ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಗೆರೆ ಹಾಕಿಕೊಂಡು, ದಿನವೂ ಒಂದಿಷ್ಟು ಮೇಲಕ್ಕೆ ಹೋದಳು. ಎಡಗೈಯಲ್ಲಿ ಬಡಿಯಲು ಕಲಿತಳು. ಮೊದಮೊದಲು ರೊಟ್ಟಿ ಒಂದು ಅಂಚಿಗೆ ದಪ್ಪವಾಗಿ ಸೀಳುತ್ತಿತ್ತು, ಈಗ ತೆಳುವಾಗಿಯೇ ಬರುತ್ತದೆ. ಲಾರ್ಡ್ ಅವರ ಪುಸ್ತಕದಲ್ಲಿ ಇದು ಇಲ್ಲ, ಇರಲು ಸಾಧ್ಯವೂ ಇಲ್ಲ. ನಮ್ಮ ಹೆಂಗಸರು ಬರೆದರೆ ಮಾತ್ರ ಇರುತ್ತದೆ.

ಇನ್ನೊಂದು ಸಂಗತಿಯನ್ನು ಆಕೆಯೇ ಹೇಳಿದಳು. ಬಾವು ಬರಬಾರದೆಂದು ಬಲಗೈಯ ಬಳೆಗಳನ್ನು ತೆಗೆದಿದ್ದಳು. ಮುತ್ತೈದೆಯ ಒಂದು ಕೈ ತುಂಬ ಹಸಿರು ಬಳೆ, ಇನ್ನೊಂದು ಕೈ ಬರಿದು. ಊರಲ್ಲಿ ಕೇಳಿದವರಿಗೆ ಏನೇನೋ ಸಬೂಬು ಹೇಳುತ್ತ ಬಂದಳು. ಒಮ್ಮೆ ಸಿಂಧನೂರಿನ ಬಸ್‌ ಸ್ಟ್ಯಾಂಡಿನಲ್ಲಿ ತನ್ನ ಹಾಗೆಯೇ ಒಂದು ಕೈಗಷ್ಟೇ ಬಳೆ ತೊಟ್ಟ ಹೆಂಗಸನ್ನು ಕಂಡಳು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿದರು. ಆಮೇಲೆ ಎರಡು ಬಸ್ಸು ಬಿಟ್ಟು ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತು ಮಾತಾಡಿದರು. ಸೆರಗು, ಕುಪ್ಪಸ, ಅರಳೆ ಎಲ್ಲವೂ ಸೇರಿ ಮುಚ್ಚಿಟ್ಟದ್ದನ್ನು ಬಳೆಯಿಲ್ಲದ ಕೈ ತೋರಿಸಿಕೊಟ್ಟಿತ್ತು. ಸಾವಿರಾರು ಮೈಲಿ ದೂರದಲ್ಲಿ ಕುಳಿತು ಲಾರ್ಡ್ ಬಯಸಿದ್ದು ಇದನ್ನೇ ಎಂದು ನಾನು ನಂಬಿದ್ದೇನೆ.

ಸಭೆಯಲ್ಲಿ ಒಬ್ಬ ಅಕ್ಕನವರು, ಇಂಥದ್ದನ್ನೆಲ್ಲ ಹೊರಗೆ ಹೇಳಿಸುವುದು ಸರಿಯೇ, ಮನೆಯ ಮಾನದ ಪ್ರಶ್ನೆ ಬರುವುದಿಲ್ಲವೇ ಎಂದು ಕೇಳಿದರು. ಹೇಳುವುದೂ ಬಿಡುವುದೂ ಆ ಹೆಂಗಸಿಗೆ ಸೇರಿದ್ದು. ಬೇಡವೆಂದವರನ್ನು ಯಾರೂ ಒತ್ತಾಯಿಸಕೂಡದು. ಈಗ ಆಗುತ್ತಿರುವುದೇನೆಂದರೆ ಹೇಳಬೇಕೆಂದವರಿಗೂ ಕೇಳುವವರಿಲ್ಲ, ಮತ್ತು ಬೇಡವೆಂಬ ತೀರ್ಮಾನವನ್ನು ಆಕೆಯ ಪರವಾಗಿ ಮನೆಯವರೇ ಮಾಡಿರುತ್ತಾರೆ. ಮಾನದ ಭಯದಿಂದ ಗಂಟನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಕಡೆಯ ಹಂತದಲ್ಲಿ ದವಾಖಾನೆ ಸೇರಿದವರ ಮನೆಗಳೂ ನಮ್ಮ ನಡುವೆ ಇವೆ. ಆ ಮನೆಗಳನ್ನು ಕೇಳಿದರೆ ಬೇರೆಯೇ ಉತ್ತರ ಸಿಕ್ಕೀತು.

ಇನ್ನೊಬ್ಬರು, ಬರೆಯಲು ಬಾರದವರು ಏನು ಮಾಡಬೇಕು ಎಂದರು. ಅದಕ್ಕೆ ಬರೆದುಕೊಳ್ಳುವವರು ಬೇಕು. ಕಾಲೇಜಿನ ಹುಡುಗಿಯರು ಬರಬಹುದು, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರು ಜೊತೆಗೂಡಬಹುದು. ಹೇಳಿದವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ‘ಬಾತೈತಿ’ ಎಂದರೆ ‘ಬಾತೈತಿ’ ಎಂದೇ ಬರೆಯಬೇಕು. ಮಗನನ್ನೋ ಗಂಡನನ್ನೋ ಅಂಗಳದಲ್ಲಿ ಕೂಡಿಸಿ, ಆಕೆಯೊಬ್ಬಳನ್ನೇ ಮಾತಾಡಿಸಬೇಕು. ಬರೆದದ್ದನ್ನು ಆಕೆಗೆ ಓದಿ ಹೇಳಬೇಕು, ತೆಗೆ ಎಂದದ್ದನ್ನು ತೆಗೆಯಬೇಕು, ಹೆಸರು ಬೇಡವೆಂದರೆ ಹಾಕಬಾರದು. ಮೊದಲು ತಾನು ಹೇಳುತ್ತೇನೆಂದು ಚಿಗವ್ವ ಒಪ್ಪಿದ್ದಾಳೆ, ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕ ಗೆಳತಿಯನ್ನೂ ಕರೆಸುತ್ತಾಳಂತೆ. ಹತ್ತಿ ಬಿಡಿಸುವ ಕೆಲಸ ಮುಗಿಯಲಿ, ಸಂಕ್ರಾಂತಿ ಕಳೆಯಲಿ, ಆಮೇಲೆ ಬನ್ನಿ ಎಂದಿದ್ದಾಳೆ. ಬರೆದುಕೊಳ್ಳಲು ಬರುವವರು ಇಂದು ಹೋಗುವ ಮುನ್ನ ನನಗೆ ಹೆಸರು ಕೊಟ್ಟು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.